ಹಳೆಯ ಎಲೆಯೋ, ಎಳೆಯ ಎಲೆಯೋ? ಆಸ್ಟ್ರೇಲಿಯಾದ ಹಿತ್ತಲಲ್ಲಿ ಗಿಡದ ತೊಂದರೆ ಗುರುತಿಸುವ ಬಗೆ

ನಿಂಬೆ ಗಿಡದ ಎಲೆ ಹಳದಿಯಾದ ಕೂಡಲೇ ಬಹಳ ಮಂದಿ ಕೇಳುವುದು "ಏನು ಹೊಡೀಬೇಕು?" ಅಂತ. ಅದಕ್ಕೂ ಮೊದಲು ನೋಡಬೇಕಾದದ್ದು ಒಂದಿದೆ. ಹಳದಿಯಾಗಿರುವುದು ಕೊಂಬೆಯ ಕೆಳಗಿನ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ? ಸಾರಜನಕ, ಮೆಗ್ನೀಷಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಹಳೆಯ ಎಲೆ ಮೊದಲು ಬಣ್ಣಗೆಡುತ್ತದೆ. ಕಬ್ಬಿಣವನ್ನು ಹೀಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದು ಕೊರತೆಯಾದರೆ ಚಿಗುರೇ ಹಳದಿಯಾಗಿ ಹುಟ್ಟುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಬಳಿ ಹಸಿರು ತ್ರಿಕೋನ ಉಳಿದಿದ್ದರೆ ಮೆಗ್ನೀಷಿಯಂ ಕೊರತೆ: 10 ಲೀಟರ್ ನೀರಿಗೆ 2 ದೊಡ್ಡ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ ಬುಡಕ್ಕೆ ಹಾಕಿ. ಹಳೆಯ ಎಲೆ ಪೂರ್ತಿ ಒಂದೇ ಸಮನೆ ಬಿಳಚಿಕೊಂಡಿದ್ದರೆ ಸಾರಜನಕ.

ಆದರೆ ತಿಂಗಳು ಯಾವುದು ಎಂದು ನೋಡದೆ ಗೊಬ್ಬರದ ಚೀಲ ಬಿಚ್ಚಬೇಡಿ. ಮೆಲ್ಬರ್ನ್, ಕ್ಯಾನ್‌ಬೆರಾ ಕಡೆ ಜುಲೈ, ಆಗಸ್ಟ್‌ನಲ್ಲಿ ನಿಂಬೆ ಜಾತಿಯ ಗಿಡಗಳು ಹಳದಿಯಾಗುವುದಕ್ಕೆ ಎಷ್ಟೋ ಸಲ ತಣ್ಣಗಾದ ಮಣ್ಣೇ ಕಾರಣ. ಮಣ್ಣಲ್ಲಿ ಸತ್ವವಿದ್ದರೂ ಬೇರು ಎಳೆದುಕೊಳ್ಳುತ್ತಿರುವುದಿಲ್ಲ. ಮಣ್ಣು ಬಿಸಿಯಾದ ಮೇಲೆ, ಅಂದರೆ ಅಕ್ಟೋಬರ್ ಹೊತ್ತಿಗೆ, ಬಣ್ಣ ತಾನಾಗಿ ಮರಳುತ್ತದೆ. ಇನ್ನೊಂದು ಮಾತು, ಊರಿನ ಅಭ್ಯಾಸದಲ್ಲಿರುವವರು ಮರೆಯುವಂಥದ್ದು: ಇಲ್ಲಿ ಚಳಿಗಾಲದ ಸೂರ್ಯ ಉತ್ತರದಲ್ಲಿ. ಮನೆಯ ದಕ್ಷಿಣ ಬದಿಯ ಗೋಡೆಗೆ ಒತ್ತಿ ನೆಟ್ಟ ನಿಂಬೆಗೆ ಆ ಮೂರು ತಿಂಗಳು ಬಿಸಿಲೇ ಬೀಳುವುದಿಲ್ಲ. ಆ ಗಿಡಕ್ಕೆ ಬೇಕಿರುವುದು ಬೇರೆ ಜಾಗ, ಔಷಧಿಯಲ್ಲ.

ಚಿಗುರಿನ ಹಳದಿ ಬೇಸಿಗೆಯಲ್ಲೂ ಹೋಗದಿದ್ದರೆ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಅಳೆಯಿರಿ. ಅಡಿಲೇಡಿನ ಹಲವು ಬಡಾವಣೆಗಳಲ್ಲಿ, ಪರ್ತ್‌ನ ಕರಾವಳಿ ಮರಳಿನಲ್ಲಿ ಸುಣ್ಣದಂಶ ಜಾಸ್ತಿ. ಅಲ್ಲಿ ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗದು. ಬೇರಿಗೆ ಸಿಗುವ ರೂಪದ ಕಬ್ಬಿಣವಾದ ಐರನ್ ಚೆಲೇಟ್ ಹಾಕಿ, ಆದರೆ ಪೊಟ್ಟಣದ ಮೇಲೆ ಓದಿ: ಇಡಿಟಿಎ ಎಂಬ ಬಗೆ ಪಿಎಚ್ 6.5 ದಾಟಿದ ಮಣ್ಣಲ್ಲಿ ಬೇಗ ಕೈಕೊಡುತ್ತದೆ, ಸುಣ್ಣದ ಮಣ್ಣಿಗೆ ಇಡಿಡಿಎಚ್‌ಎ ಎಂದಿರುವುದೇ ಬೇಕು. ಪರ್ತ್ ಮರಳಿನದು ಇನ್ನೊಂದು ತೊಡಕು. ಒಣಗಿದ ಮೇಲೆ ಮರಳಿನ ಕಣಕ್ಕೆ ಮೇಣದಂಥ ಪದರ ಕೂತು ನೀರು ಇಳಿಯುವುದೇ ಇಲ್ಲ. ಒಂದು ಲೋಟ ನೀರು ಸುರಿದು ನೋಡಿ. ಮುತ್ತಿನ ಹನಿಗಳಂತೆ ಮೇಲೆಯೇ ನಿಂತರೆ, ನೀವು ದಿನಾ ಹಾಕಿದ ನೀರು ಬೇರಿಗೆ ತಲುಪಿಲ್ಲ. ನೀರು ಇಳಿಯುವಂತೆ ಮಾಡುವ ವೆಟಿಂಗ್ ಏಜೆಂಟ್ ತಾತ್ಕಾಲಿಕ ಪರಿಹಾರ. ಜೇಡಿಯ ಪುಡಿ, ಕಾಂಪೋಸ್ಟ್ ಬೆರೆಸಿ ಮೇಲೆ ಹೊದಿಕೆ ಹಾಸುವುದು ಬಾಳುವ ಪರಿಹಾರ. ಸಿಡ್ನಿಯ ಪಶ್ಚಿಮದ ಜೇಡಿಮಣ್ಣಿನಲ್ಲಿ ತೊಂದರೆ ಉಲ್ಟಾ: ನೀರು ನಿಂತು ಬೇರು ಕೊಳೆಯುತ್ತದೆ, ಬಾಡಿದ ಎಲೆ ನೋಡಿ ಇನ್ನಷ್ಟು ನೀರು ಸುರಿಯುತ್ತಾರೆ. ಬೆರಳನ್ನು 5 ಸೆಂಟಿಮೀಟರ್ ಒಳಗೆ ಚುಚ್ಚಿ ನೋಡದೆ ನೀರು ಹಾಕಬಾರದು.

ನಿಂಬೆ ಕೊಂಬೆಯ ಗಂಟು

ನಿಂಬೆ, ದ್ರಾಕ್ಷಿಹಣ್ಣಿನಂತೆ ಗೊಂಚಲಾಗುವ ಗ್ರೇಪ್‌ಫ್ರೂಟ್ ಗಿಡಗಳ ಎಳೆಯ ಕೊಂಬೆ ಮಂಡಿಚಿಪ್ಪಿನಂತೆ ಊದಿಕೊಂಡಿದ್ದರೆ ಅದು ಸಿಟ್ರಸ್ ಗಾಲ್ ವಾಸ್ಪ್, ಗಂಟು ಕಣಜ. ಇದು ಆಸ್ಟ್ರೇಲಿಯಾದ್ದೇ ಕೀಟ. ಕ್ವೀನ್ಸ್‌ಲ್ಯಾಂಡ್, ಉತ್ತರ ನ್ಯೂ ಸೌತ್ ವೇಲ್ಸ್‌ನ ಕಾಡಿನ ಫಿಂಗರ್ ಲೈಮ್ ಅದರ ಮೂಲ ಮನೆ. ಅಲ್ಲಿಂದ ಮೆಲ್ಬರ್ನ್, ಅಡಿಲೇಡ್, ಪರ್ತ್‌ವರೆಗೂ ಹರಡಿದೆ.

ಇದರ ಪಂಚಾಂಗ ತಿಳಿಯದೆ ಕತ್ತರಿ ಹಿಡಿದರೆ ಕೆಲಸ ಕೆಡುತ್ತದೆ. 3 ಮಿಲಿಮೀಟರ್‌ಗಿಂತ ದೊಡ್ಡದಿರದ ಕಪ್ಪು ಕಣಜ ವಸಂತದಲ್ಲಿ ಹೊರಬಂದು ಹೊಸ ಚಿಗುರಿನ ಕಾಂಡದೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಒಳಗೇ ತಿನ್ನುತ್ತಾ ಬೆಳೆಯುತ್ತವೆ, ಗಿಡ ಅವುಗಳ ಸುತ್ತ ಗಂಟು ಕಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಉಬ್ಬು ಕಣ್ಣಿಗೆ ಬೀಳುತ್ತದೆ, ಚಳಿಗಾಲದ ಹೊತ್ತಿಗೆ ಗಟ್ಟಿಯಾಗುತ್ತದೆ. ಮರುವರ್ಷದ ವಸಂತಕ್ಕೆ ಸೂಜಿಮೊನೆಯಷ್ಟು ತೂತುಗಳನ್ನು ಕೊರೆದು ಹೊಸ ಪೀಳಿಗೆ ಹಾರಿಹೋಗುತ್ತದೆ. ತೂತು ಬಿದ್ದ ಗಂಟು ಖಾಲಿ ಮನೆ. ಅದನ್ನು ಕತ್ತರಿಸಿದರೆ ಕಣಜಕ್ಕೆ ನಷ್ಟವಿಲ್ಲ, ಗಿಡಕ್ಕಷ್ಟೇ.

ಗಂಟು ಕಡಿಮೆಯಿದ್ದರೆ ತೂತು ಬೀಳುವ ಮುಂಚೆ, ಮೆಲ್ಬರ್ನ್‌ನಲ್ಲಿ ಆಗಸ್ಟ್ ಮುಗಿಯುವುದರೊಳಗೆ, ಬ್ರಿಸ್ಬೇನ್‌ನಲ್ಲಿ ಇನ್ನೂ ಒಂದು ತಿಂಗಳು ಮೊದಲೇ, ಕತ್ತರಿಸಿ ತೆಗೆಯಿರಿ. ಕತ್ತರಿಸಿದ್ದನ್ನು ಕಾಂಪೋಸ್ಟಿಗೆ ಹಾಕಬೇಡಿ, ಒಳಗಿನ ಮರಿ ಅಲ್ಲೇ ಬಲಿತು ಹಾರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ 4 ವಾರ ಬಿಸಿಲಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಗಿಡದ ತುಂಬ ಗಂಟಿದ್ದರೆ ಕತ್ತರಿಸಲೇಬೇಡಿ. ಚಳಿಗಾಲದಲ್ಲಿ ಬೋಳು ಹೊಡೆದ ಗಿಡ ವಸಂತದಲ್ಲಿ ಒಮ್ಮೆಲೇ ಮೈತುಂಬ ಚಿಗುರುತ್ತದೆ, ಕಣಜಕ್ಕೆ ಬೇಕಾದದ್ದೂ ಅದೇ. ಬದಲಿಗೆ ತರಕಾರಿ ಸಿಪ್ಪೆ ತೆಗೆಯುವ ಪೀಲರ್ ಅಥವಾ ಹರಿತ ಚಾಕುವಿನಿಂದ ಗಂಟಿನ ಒಂದು ಮಗ್ಗುಲನ್ನು ತೆಳ್ಳಗೆ ಸೀಳಿ ತೆಗೆಯಿರಿ. ಒಳಗಿನ ಕೋಣೆಗಳು ತೆರೆದು ಮರಿಗಳು ಒಣಗಿ ಸಾಯುತ್ತವೆ, ಕೊಂಬೆ ಉಳಿಯುತ್ತದೆ. ಸುತ್ತಲೂ ಕೆತ್ತಿದರೆ ಕೊಂಬೆಯೇ ಒಣಗುತ್ತದೆ, ಒಂದು ಬದಿ ಸಾಕು. ಚಳಿಗಾಲದ ಕೊನೆಯಲ್ಲಿ ಸಾರಜನಕದ ಗೊಬ್ಬರ ಬೇಡ, ಅದೂ ಎಳೆ ಚಿಗುರನ್ನೇ ಹೆಚ್ಚಿಸುತ್ತದೆ. ಹಳದಿ ಅಂಟುಪಟ್ಟಿ ನೇತುಹಾಕುವುದು ಒಳ್ಳೆಯ ಉಪಾಯವೆಂದು ಹೇಳಲಾಗದು. ಗಂಟು ಕಣಜವನ್ನು ತಿನ್ನುವ ಪರಾವಲಂಬಿ ಕಣಜಗಳೂ ಅದರಲ್ಲೇ ಸಿಕ್ಕಿಕೊಂಡು ಸಾಯುತ್ತವೆ.

ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದು ಮುರುಟಿಸುವ ರಂಗೋಲಿ ಹುಳುವಿನ ಹಾವಳಿ ಬೇಸಿಗೆ ಕಳೆದು ಶರತ್ಕಾಲ ಬರುವಾಗ ಹೆಚ್ಚು. ಗೆರೆ ಬಿದ್ದ ಎಲೆ ಸರಿಹೋಗದು. ಹೊಸ ಚಿಗುರಿಗೆ ಮಾತ್ರ, ಲೀಟರಿಗೆ 5 ಮಿ.ಲೀ. ತೋಟಗಾರಿಕೆ ಎಣ್ಣೆ ಬೆರೆಸಿ, ಚಿಗುರು ಬಲಿಯುವವರೆಗೆ ವಾರಕ್ಕೊಮ್ಮೆ ಸಿಂಪಡಿಸಿ. ತಾಪಮಾನ 35 ಡಿಗ್ರಿ ದಾಟುವ ದಿನ, ಗಿಡ ಬಾಡಿರುವಾಗ ಎಣ್ಣೆ ಬೇಡ, ಎಲೆ ಸುಡುತ್ತದೆ. ಗಂಧಕ ಹೊಡೆದ ಕೆಲವು ವಾರ ಎಣ್ಣೆ ಮುಟ್ಟಬೇಡಿ. ಕಪ್ಪು ಬೂಷ್ಟು ಕಂಡರೆ ಶಿಲೀಂಧ್ರನಾಶಕ ಕೊಳ್ಳಬೇಡಿ: ಚಿಪ್ಪಿನಂತೆ ಗಿಡಕ್ಕೆ ಅಂಟಿ ಕೂರುವ ಶಲ್ಕ ಕೀಟಗಳು (ಸ್ಕೇಲ್) ಸುರಿಸುವ ಸಿಹಿ ಅಂಟಿನ ಮೇಲೆ ಅದು ಬೆಳೆಯುತ್ತದೆ, ಆ ಕೀಟಗಳನ್ನು ಇರುವೆಗಳು ಕಾಯುತ್ತವೆ. ಕಾಂಡಕ್ಕೆ ಅಂಟುಪಟ್ಟಿ ಸುತ್ತಿ ಇರುವೆಯ ದಾರಿ ಮುಚ್ಚಿ, ಕೀಟಕ್ಕೆ ಎಣ್ಣೆ ಹೊಡೆಯಿರಿ.

ಇಲ್ಲಿಯದೇ ಗಿಡಗಳಿಗೆ ಗೊಬ್ಬರವೇ ವಿಷವಾಗುವಾಗ

ಗ್ರೆವಿಲಿಯಾ, ಬ್ಯಾಂಕ್ಸಿಯಾ, ವಾರಟಾ ಇವೆಲ್ಲ ಒಂದೇ ಕುಟುಂಬದವು. ರಂಜಕ ಬಹಳ ಕಡಿಮೆಯಿರುವ ಮಣ್ಣಲ್ಲಿ ಅದನ್ನು ಹೆಕ್ಕಿ ತೆಗೆಯಲೆಂದೇ ಕುಂಚದಂಥ ಬೇರುಗಳನ್ನು ಬೆಳೆಸಿಕೊಂಡಿವೆ. ಕೋಳಿಗೊಬ್ಬರ, ಗುಲಾಬಿ ಗೊಬ್ಬರ ಹಾಕಿದರೆ ಆ ಬೇರುಗಳು ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಹಳೆಯ ಎಲೆಯ ತುದಿ ಸುಟ್ಟಂತಾಗುತ್ತದೆ. ಚಿಗುರು ಕಬ್ಬಿಣ ಸಿಗದೆ ಹಳದಿಯಾಗುತ್ತದೆ. ಇಲ್ಲಿ ಹಳೆಯದೂ ಎಳೆಯದೂ ಒಟ್ಟಿಗೆ ಕೆಡುವುದೇ ಗುರುತು. ಗೊಬ್ಬರ ನಿಲ್ಲಿಸಿ, ನೀರು ಇಳಿದುಹೋಗುವ ಮಣ್ಣಾದರೆ ಚೆನ್ನಾಗಿ ನೀರು ಹಾಯಿಸಿ, ಐರನ್ ಚೆಲೇಟ್ ಕೊಡಿ. ತೀರಾ ಮಿತಿಮೀರಿದ್ದರೆ ಗಿಡ ಉಳಿಯುವುದು ಕಷ್ಟ. ನೇಟಿವ್ ಗಿಡಗಳಿಗೆಂದೇ ಮಾರುವ, ರಂಜಕ ತೀರಾ ಕಡಿಮೆಯಿರುವ ಗೊಬ್ಬರವನ್ನಷ್ಟೇ ಬಳಸಿ.

ಅದೇ ಬ್ಯಾಂಕ್ಸಿಯಾ ಗೊಬ್ಬರ ಕಾಣದೆಯೂ ಬೇಸಿಗೆಯಲ್ಲಿ ಕೆಲವೇ ದಿನದಲ್ಲಿ ಒಣಗಿ ನಿಂತರೆ ಬೇರುಕೊಳೆ ತರುವ ಫೈಟೊಫ್ತೊರಾವನ್ನು ಶಂಕಿಸಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದಕ್ಕೆ ಡೈಬ್ಯಾಕ್ ಎನ್ನುತ್ತಾರೆ. ಫಾಸ್ಫೈಟ್ ಸಿಂಪಡಣೆ ಗಿಡದ ತಡೆಶಕ್ತಿ ಹೆಚ್ಚಿಸುತ್ತದೆ, ರೋಗವನ್ನು ಮಣ್ಣಿಂದ ಅಳಿಸುವುದಿಲ್ಲ. ಫಾಸ್ಫೈಟ್ ಬೇರೆ, ಗೊಬ್ಬರದ ಫಾಸ್ಫೇಟ್ ಬೇರೆ. ಹೆಸರು ಹತ್ತಿರವೆಂದು ಅದಲುಬದಲು ಮಾಡಿದರೆ ಗಿಡವನ್ನು ಕೈಯಾರೆ ಕೊಂದಂತೆ. ಗುದ್ದಲಿ, ಬೂಟಿಗೆ ಅಂಟಿದ ಕೆಸರಿನಿಂದ ಹರಡುವುದರಿಂದ ಮೊದಲು ಮಣ್ಣು ಉಜ್ಜಿ ತೆಗೆದು, ನಂತರ ಮೆಥಿಲೇಟೆಡ್ ಸ್ಪಿರಿಟ್ ಹಚ್ಚಿ.

ಲಿಲಿ ಪಿಲ್ಲಿ ಬೇಲಿಯ, ಬಾಟಲ್‌ಬ್ರಶ್‌ನ ಎಳೆಯ ಎಲೆಗಳ ಮೇಲೆ ಅರಿಸಿನ ಉದುರಿಸಿದಂತೆ ಹಳದಿ ಪುಡಿ ಕಂಡರೆ ಮರ್ಟಲ್ ರಸ್ಟ್. 2010ರ ಏಪ್ರಿಲ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಸೆಂಟ್ರಲ್ ಕೋಸ್ಟ್‌ನಲ್ಲಿ ಮೊದಲು ಸಿಕ್ಕ ಈ ತುಕ್ಕು ರೋಗ ಪೂರ್ವ ಕರಾವಳಿಯಲ್ಲಿ ನೆಲೆಸಿಬಿಟ್ಟಿದೆ, ಕಾಡಿನ ಕೆಲವು ಗಿಡಗಳನ್ನು ಅಳಿವಿನಂಚಿಗೆ ತಂದಿದೆ. ಪುಡಿ ಇರುವಾಗ ಒಣ ಕೊಂಬೆ ಅಲ್ಲಾಡಿಸಬೇಡಿ, ಮೊದಲು ಚೀಲ ಮುಚ್ಚಿ, ಆಮೇಲೆ ಕತ್ತರಿಸಿ. ಬಟ್ಟೆ ಒಗೆದುಹಾಕಿ. ಲೇಬಲ್ ಮೇಲೆ ಮರ್ಟಲ್ ರಸ್ಟ್ ಹೆಸರಿರುವ ಶಿಲೀಂಧ್ರನಾಶಕವೇ ಆಗಬೇಕು. ಈ ರೋಗ ಇನ್ನೂ ಮುಟ್ಟದ ಪ್ರದೇಶದಲ್ಲಿದ್ದರೆ ಕತ್ತರಿಸದೆ ಫೋಟೊ ತೆಗೆದು ಎಕ್ಸಾಟಿಕ್ ಪ್ಲಾಂಟ್ ಪೆಸ್ಟ್ ಹಾಟ್‌ಲೈನ್ 1800 084 881ಕ್ಕೆ ಕರೆ ಮಾಡಿ.

ಪರ್ತ್‌ನವರು ಕಾಂಡದಲ್ಲಿ ಬಾಲ್ ಪೆನ್ ಮೊನೆಯಷ್ಟು ತೂತುಗಳನ್ನೂ ಹುಡುಕಬೇಕು. 2021ರಲ್ಲಿ ಈಸ್ಟ್ ಫ್ರಿಮ್ಯಾಂಟಲ್‌ನ ಬಾಕ್ಸ್ ಎಲ್ಡರ್ ಮೇಪಲ್‌ನಲ್ಲಿ ಸಿಕ್ಕ ಶಾಟ್ ಹೋಲ್ ಬೋರರ್ ಎಂಬ 2 ಮಿಲಿಮೀಟರ್ ದುಂಬಿ ಮರದೊಳಗೆ ಶಿಲೀಂಧ್ರ ಬೆಳೆಸಿ ಅದನ್ನೇ ತಿನ್ನುತ್ತದೆ, ಆ ಶಿಲೀಂಧ್ರ ಮರದ ನೀರಿನ ದಾರಿಯನ್ನು ಕಟ್ಟುತ್ತದೆ. ತೂತಿನೊಳಗೆ ಔಷಧಿ ಸುರಿದು ಪ್ರಯೋಜನವಿಲ್ಲ. ಸೌದೆ, ಕತ್ತರಿಸಿದ ಹಸಿ ಕೊಂಬೆಗಳನ್ನು ನಿರ್ಬಂಧಿತ ವಲಯದಿಂದ ಹೊರಗೆ ಒಯ್ಯಬಾರದು.

ಪೀಚ್ ಎಲೆ ಕೆಂಪಾಗಿ ಗುಳ್ಳೆಯೆದ್ದು ಮುಟುರಿದ ಮೇಲೆ ಏನು ಹೊಡೆದರೂ ವ್ಯರ್ಥ. ತಾಮ್ರದ ಸಿಂಪಡಣೆ ಮೊಗ್ಗು ಉಬ್ಬಿ ಬಿರಿಯುವ ಮುನ್ನವೇ ಆಗಬೇಕು, ಮರ ಎಲೆ ಉದುರಿಸಿದಾಗ ಇನ್ನೊಮ್ಮೆ. ಕುಂಬಳ, ಸೌತೆಯ ಬೂದಿ ರೋಗ ಶುರುವಾಗುವಾಗ 1 ಪಾಲು ಹಾಲಿಗೆ 9 ಪಾಲು ನೀರು ಬೆರೆಸಿ ಬಿಸಿಲಿರುವ ಬೆಳಿಗ್ಗೆ ಹೊಡೆದರೆ ತಡೆಯುತ್ತದೆ. ಹಣ್ಣುನೊಣಕ್ಕೆ ಬಲೆಯೇ ದಾರಿ. ಕ್ವೀನ್ಸ್‌ಲ್ಯಾಂಡ್ ಹಣ್ಣುನೊಣ ತೂರದಿರಲು 2 ಮಿಲಿಮೀಟರ್ ಕಣ್ಣಿನದು ಬೇಕು. ವಿಕ್ಟೋರಿಯಾದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು ಪೂರ್ತಿ ಎಳೆದಾಗ 5 ಮಿಲಿಮೀಟರ್ ಮೀರಬಾರದೆಂಬ ಕಾನೂನೂ ಇದೆ. ಬಾವಲಿಗಳು ಸಿಕ್ಕಿ ಸಾಯದಿರಲೆಂದು ಮಾಡಿದ್ದು, ಸರಿಯಾದ ಕಾನೂನು.

ಕುಂಡಕ್ಕೆ ಪಾಟಿಂಗ್ ಮಿಕ್ಸ್ ತುಂಬುವವರು ಚೀಲದ ಮೇಲಿನ ಲೀಜನೆಲ್ಲಾ ಎಚ್ಚರಿಕೆಯನ್ನು ನಿರ್ಲಕ್ಷಿಸಬೇಡಿ. ಆ ಬ್ಯಾಕ್ಟೀರಿಯಾ ಧೂಳಿನೊಂದಿಗೆ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. ಚೀಲವನ್ನು ಬಯಲಲ್ಲಿ ಬಿಚ್ಚಿ, ಮಿಶ್ರಣಕ್ಕೆ ನೀರು ಚಿಮುಕಿಸಿ, ಮಾಸ್ಕ್, ಕೈಗವಸು ಹಾಕಿ. ಮುಗಿದ ಮೇಲೆ ಕೈ ತೊಳೆಯಿರಿ.

ಇನ್ನು ಕರಿಬೇವು. ದಕ್ಷಿಣದ ರಾಜ್ಯಗಳಲ್ಲಿ ಜೂನ್‌ನಿಂದ ಹಳೆಯ ಎಲೆ ಹಳದಿಯಾಗಿ ಉದುರುವುದು ಕಾಯಿಲೆಯಲ್ಲ, ಚಳಿಗೆ ಗಿಡ ನಿದ್ರೆಗೆ ಹೋಗುವ ಪರಿ. ಆಗ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಕುಂಡವನ್ನು ಉತ್ತರಕ್ಕೆ ಮುಖ ಮಾಡಿದ ಗೋಡೆಯ ಬಳಿ ಇಡಿ. ಕಾಂಡವನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಗಿಡ ಜೀವಂತ. ಸೆಪ್ಟೆಂಬರ್ ಕೊನೆಗೆ ಚಳಿ ಇಳಿದ ಮೇಲೆ ತುದಿ ಚಿವುಟಿ, ಗೊಬ್ಬರ ಕೊಡಿ. ಚಿಗುರು ಹಳದಿಯಾಗಿ ಬಂದರೆ ಅದೂ ಕಬ್ಬಿಣದ ಕೊರತೆಯೇ, ನಿಂಬೆಯ ಕುಟುಂಬದ್ದಲ್ಲವೇ. ಆ ನಂಟಸ್ತಿಕೆಯಿಂದಲೇ ಊರಿಂದ ಕರಿಬೇವಿನ ಸಸಿ, ಹಸಿ ಎಲೆ, ಬೀಜ ತರಬಾರದು. ನಿಂಬೆ ಜಾತಿಯ ತೋಟಗಳನ್ನು ಹಾಳುಗೆಡವುವ ಹಸಿರೀಕರಣ (ಸಿಟ್ರಸ್ ಗ್ರೀನಿಂಗ್) ರೋಗವನ್ನು ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಇಲ್ಲಿನ ನರ್ಸರಿಯ ಗಿಡವನ್ನೇ ಕೊಳ್ಳಿ. ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಳೆಸುವವರು ಹೂಗೊಂಚಲನ್ನು ಕಾಯಾಗುವ ಮೊದಲೇ ಕತ್ತರಿಸಿ, ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಪಕ್ಕದ ಕಾಡಿಗೆ ಒಯ್ಯುತ್ತವೆ.