ಕೋಟಿನ ಮೇಲಿನ ಕೆಂಪು ಹೂವು

2018ರ ನವೆಂಬರ್ 10ರ ಶನಿವಾರ ನಾನು ಸ್ನೇಹಿತರೊಬ್ಬರನ್ನು ಕಾಣಲು ಐರ್ಲೆಂಡಿನ ಡಬ್ಲಿನ್‌ನಿಂದ, ಇಂದಿಗೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಹೋಗಿದ್ದೆ. ಮೊದಲ ಮಹಾಯುದ್ಧ ಮುಗಿದು ಮರುದಿನಕ್ಕೆ ಸರಿಯಾಗಿ ನೂರು ವರ್ಷ ತುಂಬುತ್ತಿದ್ದುದರಿಂದ, ಅಲ್ಲಿನ ಸಿಟಿ ಹಾಲ್ ಸುತ್ತಮುತ್ತ ಎದುರಾದ ಬಹಳ ಮಂದಿಯ ಎದೆಯ ಮೇಲೆ ಕಾಗದದ ಕೆಂಪು ಹೂವಿತ್ತು. ಇಂಗ್ಲಿಷಿನಲ್ಲಿ ಪಾಪಿ ಎನ್ನುವ ಈ ಹೂವು ನಮ್ಮ ಗಸಗಸೆಯ ಕುಲಕ್ಕೆ ಸೇರಿದ್ದು. ಫಿರಂಗಿ ಗುಂಡು ಬಿದ್ದು ಕದಡಿಹೋದ ಫ್ರಾನ್ಸ್ ಮತ್ತು ಬೆಲ್ಜಿಯಂನ ನೆಲದಲ್ಲಿ ಅದು ತಾನಾಗಿಯೇ ಅರಳಿತ್ತು. ಆ ಕಾರಣಕ್ಕೆ 1921ರಿಂದ ಬ್ರಿಟನ್ನಿನಲ್ಲಿ ಮಡಿದ ಯೋಧರ ನೆನಪಿನ ಗುರುತಾಗಿ ನೆಲೆ ನಿಂತಿತು. ನಾನೂ ಡಬ್ಬಿಗೆ ಎರಡು ಪೌಂಡ್ ಹಾಕಿದೆ. ಡಬ್ಬಿ ಹಿಡಿದಿದ್ದ ಹಿರಿಯರು ಎರಡು ಕೆಂಪು ಎಸಳು, ನಡುವೆ ಕಪ್ಪು ಗುಂಡಿ, ಒಂದು ಹಸಿರು ಎಲೆಯಿದ್ದ ಹೂವನ್ನು ತಮ್ಮ ಕೈಯಿಂದಲೇ ನನ್ನ ಕೋಟಿಗೆ ಚುಚ್ಚಿದರು. ಆ ಯುದ್ಧದಲ್ಲಿ ಭಾರತದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದಾರೆಂಬುದೂ, ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ ಕುದುರೆಪಡೆಯ ಸ್ಮಾರಕ ಬೆಂಗಳೂರಿನಲ್ಲಿದೆಯೆಂಬುದೂ ನನಗೆ ತಿಳಿದಿತ್ತು. ಸತ್ತವರಿಗಾಗಿ ಹೂವು ಧರಿಸುವುದರಲ್ಲಿ ಎರಡನೆಯ ಯೋಚನೆಗೆ ಎಡೆಯಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಸಂಜೆಯ ರೈಲಿನಲ್ಲಿ ಡಬ್ಲಿನ್‌ಗೆ ಮರಳಿದೆ. ಇಳಿದದ್ದು ಕಾನಲಿ ನಿಲ್ದಾಣದಲ್ಲಿ. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ನಡೆದ ಈಸ್ಟರ್ ಬಂಡಾಯದ ನಾಯಕ ಜೇಮ್ಸ್ ಕಾನಲಿ ಗಾಯಗೊಂಡು ನಿಲ್ಲಲಾರದೆ ಇದ್ದಾಗ, ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದ್ದು ಬ್ರಿಟಿಷ್ ಸೈನಿಕರು. ಆ ಹೆಸರಿನ ಫಲಕದ ಕೆಳಗೆ ನಾನು ಬ್ರಿಟಿಷ್ ಸೈನಿಕರ ನೆನಪಿನ ಹೂವು ಧರಿಸಿ ನಡೆದುಹೋದೆನೆಂಬುದು ಆ ಕ್ಷಣ ತಿಳಿಯಲಿಲ್ಲ. ಟ್ರಾಮಿನಲ್ಲಿ ಎದುರಿಗೆ ಕುಳಿತಿದ್ದ ನಡುವಯಸ್ಸಿನವರೊಬ್ಬರು ಬಹಳ ಹೊತ್ತು ನನ್ನ ಕೋಟನ್ನೇ ನೋಡಿ, ಇಳಿಯುವಾಗ ಬಗ್ಗಿ, "ನಿಮ್ಮ ದೇಶಕ್ಕೂ ಅವರು ಇದನ್ನೇ ಅಲ್ಲವೇ ಮಾಡಿದ್ದು?" ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಾಗಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಬಾಗಿಲು ಮುಚ್ಚಿತು.

ನಾನಿದ್ದುದು ಸ್ಟೋನಿಬ್ಯಾಟರ್ ಎಂಬ ಹಳೆಯ ಬಡಾವಣೆಯಲ್ಲಿ. 1916ರಲ್ಲಿ ಗುಂಡಿಗೆ ಬಲಿಯಾದ ಹದಿನಾಲ್ಕು ಮಂದಿ ನಾಯಕರನ್ನು ಹೂಳಿದ ಆರ್ಬರ್ ಹಿಲ್ ಅಲ್ಲಿಂದ ಕೂಗಳತೆಯ ದೂರದಲ್ಲಿದೆ. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದರು. ಆ ದೇಶದ ರೂಢಿಯಂತೆ ಅವರನ್ನು ಹೆಸರು ಹಿಡಿದು ಕರೆಯಬೇಕಿತ್ತು. ನನಗೆ ಬಾಯಿ ಬರುತ್ತಿರಲಿಲ್ಲ, ಮನಸ್ಸಿನಲ್ಲಿ ಅಜ್ಜಿ ಎಂದೇ ಕರೆಯುತ್ತಿದ್ದೆ. ಆ ರಾತ್ರಿ ಬಾಗಿಲ ಬಳಿ ಸಿಕ್ಕಿದಾಗ ಅವರ ಕಣ್ಣು ನನ್ನ ಮುಖಕ್ಕಿಂತ ಮೊದಲು ಹೂವಿನ ಮೇಲೆ ಬಿತ್ತು. ನಾನು ಟ್ರಾಮಿನ ಸಂಗತಿಯನ್ನು ಹೇಳಿ, ತಪ್ಪಾಯಿತೇ ಎಂದು ಕೇಳಿದೆ. ಅವರು ತಪ್ಪೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. "ನಾಳೆ ಊಟವಾದ ಮೇಲೆ ನನ್ನ ಜೊತೆ ಬನ್ನಿ. ಆ ಹೂವನ್ನು ಎಸೆಯಬೇಡಿ, ಜೇಬಿನಲ್ಲಿಟ್ಟುಕೊಳ್ಳಿ" ಎಂದಷ್ಟೇ ಹೇಳಿದರು.

ಭಾನುವಾರ ಮಧ್ಯಾಹ್ನ ನಾವು ಫೀನಿಕ್ಸ್ ಪಾರ್ಕ್ ಹಾದು ಐಲೆಂಡ್‌ಬ್ರಿಜ್ ಕಡೆಗೆ ನಡೆದೆವು. ಅಜ್ಜಿ ನಿಧಾನವಾಗಿ ನಡೆಯುತ್ತ, ನಿಂತು ಉಸಿರು ತೆಗೆದುಕೊಳ್ಳುತ್ತ, ತಮ್ಮ ಮನೆತನದ ಕತೆ ಹೇಳಿದರು. 1913ರ ಡಬ್ಲಿನ್ ಲಾಕೌಟ್‌ನಲ್ಲಿ, ಅಂದರೆ ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟಾಗ, ಕೆಲಸ ಕಳೆದುಕೊಂಡ ಅವರ ತಾತ, ಮರುವರ್ಷ ಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯದ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಪಡೆ ಸೇರಿದರಂತೆ. ಐರ್ಲೆಂಡಿಗೆ ಸ್ವಂತ ಸರ್ಕಾರ ಸಿಗುತ್ತದೆಂಬ ಭರವಸೆಯಲ್ಲಿ ಸೈನ್ಯ ಸೇರಿದವರಿದ್ದರು, ಹೊಟ್ಟೆಪಾಡಿಗಾಗಿ ಸೇರಿದವರೂ ಇದ್ದರು. ತಾತ ಎರಡನೆಯ ಗುಂಪಿನವರೆಂದು ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳಿದರು. 1915ರಲ್ಲಿ ಟರ್ಕಿಯ ಗ್ಯಾಲಿಪೊಲಿಯಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷದ ಈಸ್ಟರ್ ಸೋಮವಾರ ತಾತನ ಹೆಂಡತಿಯ ತಮ್ಮ ಬಂದೂಕು ಹಿಡಿದು ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಬ್ರಿಟಿಷರ ವಿರುದ್ಧ ನಿಂತರು. ಆಮೇಲೆ ಅವರನ್ನು ವೇಲ್ಸ್‌ನ ಫ್ರಾಂಗೊಕ್ ಶಿಬಿರದಲ್ಲಿ ಕೂಡಿಹಾಕಲಾಯಿತು. ಗಂಡನಿಗಾಗಿ ಬ್ರಿಟಿಷ್ ಸರ್ಕಾರದಿಂದ ಪಿಂಚಣಿ ಪಡೆಯುತ್ತ, ತಮ್ಮನಿಗಾಗಿ ಅದೇ ಸರ್ಕಾರದ ಶಿಬಿರಕ್ಕೆ ಕಾಗದ ಬರೆಯುತ್ತ, ಆ ಹೆಂಗಸು ಒಂದೇ ಅಡುಗೆಮನೆಯಲ್ಲಿ ಎರಡು ದುಃಖಗಳನ್ನು ಇಟ್ಟುಕೊಂಡು ಬಾಳಿದರು.

ಹೊರಗಿನ ಲೋಕ ಆ ಎರಡಕ್ಕೆ ಸಮನಾದ ಜಾಗ ಕೊಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಡಬ್ಲಿನ್ ಫ್ಯುಸಿಲಿಯರ್ಸ್ ಪಡೆಯನ್ನು 1922ರಲ್ಲಿ ವಿಸರ್ಜಿಸಲಾಯಿತು. 1926ರಲ್ಲಿ ಕುಮನ್ ನ ಮಾನ್ ಎಂಬ ಮಹಿಳಾ ಸಂಘಟನೆ, ಬಂಡಾಯದಲ್ಲಿ ಮಡಿದವರ ನೆನಪಿಗೆ ಹಸಿರು, ಬಿಳಿ, ಕಿತ್ತಳೆ ಬಣ್ಣಗಳ ಕಾಗದದ ಈಸ್ಟರ್ ಲಿಲ್ಲಿಯನ್ನು ಹೊರತಂದಿತು. ಅಲ್ಲಿಂದ ಮುಂದೆ ಲಿಲ್ಲಿ ನಮ್ಮದು, ಕೆಂಪು ಹೂವು ಅವರದು ಎಂಬ ಗೆರೆ ಬಿತ್ತು. ತಮ್ಮನ ಚಿತ್ರ ಅಜ್ಜಿಯ ಮನೆಯ ಗೋಡೆಗೆ ಏರಿತು. ಗಂಡನ ಪದಕ ಹೊಲಿಗೆಯ ಬಟ್ಟೆಗಳ ಕೆಳಗೆ ಹೋಯಿತು. ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ. ತನ್ನ ಗಂಡನಿಗಾಗಿ ಅತ್ತರೆ ಎದುರುಮನೆಯವರು ಅವಳನ್ನು ಯಾವ ದೇಶದವಳೆಂದು ಎಣಿಸುತ್ತಾರೋ ಎಂದು ಒಬ್ಬ ವಿಧವೆ ಲೆಕ್ಕ ಹಾಕಬೇಕಾಗಿ ಬಂದದ್ದು.

ಹಾಗೆಂದು ಕೆಂಪು ಹೂವನ್ನು ಒಲ್ಲದವರ ಮನಸ್ಸನ್ನು ಹಗುರವಾಗಿ ಕಾಣಲೂ ಆಗದು. ಆ ಹೂವು ನೆನೆಯುವುದು 1914ರಿಂದ 1918ರವರೆಗೆ ಸತ್ತವರನ್ನಷ್ಟೇ ಅಲ್ಲ. ಆನಂತರದ ಎಲ್ಲ ಕಾರ್ಯಾಚರಣೆಗಳ ಬ್ರಿಟಿಷ್ ಸೈನಿಕರನ್ನೂ, ಉತ್ತರ ಐರ್ಲೆಂಡಿಗೆ ಬಂದವರನ್ನೂ ನೆನೆಯುತ್ತದೆ. 1972ರ ಜನವರಿ 30ರಂದು ಅಲ್ಲಿನ ಡೆರಿ ಊರಿನಲ್ಲಿ ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕಿನ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಹದಿಮೂರು ಮಂದಿಯನ್ನು ಅಲ್ಲಿಯೇ ಕೊಂದರು. ಅದೇ ಊರಿನ ಕ್ರೆಗನ್ ಬಡಾವಣೆಯಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್, ಇಂಗ್ಲೆಂಡಿನ ತಂಡಗಳಲ್ಲಿ ಆಡುತ್ತ 2012ರಿಂದ ಈ ಹೂವಿನ ಅಂಗಿ ತೊಡಲು ಒಪ್ಪದೆ ವರ್ಷ ವರ್ಷವೂ ಬೈಗುಳ ತಿಂದರು. ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಮೀಸಲಾಗಿದ್ದರೆ ಧರಿಸುತ್ತಿದ್ದೆನೆಂದು ಅವರು ಬರೆದು ಹೇಳಿದ್ದರೂ ಕೂಗು ನಿಲ್ಲಲಿಲ್ಲ. ಇನ್ನೊಂದು ದಡದ ಗಾಯವೂ ಅಷ್ಟೇ ಆಳವಾದದ್ದು. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ ಯುದ್ಧಸ್ಮಾರಕದ ಬಳಿ ಹೂವು ಧರಿಸಿ ನೆರೆದವರ ಪಕ್ಕದಲ್ಲೇ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬು ಹನ್ನೊಂದು ಜನರನ್ನು ಕೊಂದಿತು. ಹನ್ನೆರಡನೆಯವರು ಹದಿಮೂರು ವರ್ಷ ಪ್ರಜ್ಞೆಯಿಲ್ಲದೆ ಮಲಗಿ ಸತ್ತರು. ಯಾರಿಗೂ ಈ ಹೂವನ್ನು ಧರಿಸೆಂದು ಒತ್ತಾಯಿಸಬಾರದು, ಯಾರ ಎದೆಯಿಂದಲೂ ಕಿತ್ತುಹಾಕಬಾರದು ಎಂಬ ನನ್ನ ನಿಲುವು ಗಟ್ಟಿಯಾದದ್ದು ಈ ಎರಡು ಊರುಗಳನ್ನು ಒಟ್ಟಿಗೆ ನೆನೆದಾಗಲೇ.

ಪಾರ್ಕಿನ ಅಂಚಿನಲ್ಲಿ ವೆಲ್ಲಿಂಗ್‌ಟನ್ ಸ್ಮಾರಕವಿದೆ. ಅದು 62 ಮೀಟರ್ ಎತ್ತರದ ಕಲ್ಲಿನ ಕಂಬ. ಅದರ ಬುಡದಲ್ಲಿ, ವಾಟರ್ಲೂನಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದ ಕಂಚಿನ ಫಲಕಗಳಿವೆ; ಒಂದು ಭಾರತದ ಯುದ್ಧಗಳದ್ದು. ಡಬ್ಲಿನ್‌ನಲ್ಲಿ ಹುಟ್ಟಿ ಮುಂದೆ ವೆಲ್ಲಿಂಗ್‌ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಟಿಪ್ಪು ಸತ್ತ ಮೇಲೆ ಆ ಕೋಟೆಯ ಅಧಿಕಾರಿಯಾದವನು. ನಾನು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯವನು. ಅಲ್ಲಿ ಕೋಟೆಯ ಮೇಲೆಯೂ ಇಂಥದ್ದೇ ಒಂದು ಚಿಕ್ಕ ಕಂಬವಿದೆ. ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಪಡೆಯವರ ನೆನಪಿಗೆ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಹುಡುಗರಾಗಿದ್ದಾಗ ಅದರ ನೆರಳಿನಲ್ಲಿ ಕುಳಿತು ಕಡಲೆಕಾಯಿ ತಿಂದಿದ್ದೆವು, ಯಾರ ಕಂಬವೆಂದು ಕೇಳಿರಲಿಲ್ಲ. ಈಗ ಕಂಚಿನ ಫಲಕದ ಮುಂದೆ ನಿಂತಾಗ ಗಂಟಲು ಬಿಗಿಯಿತು. ಅಜ್ಜಿಗೆ ಇದನ್ನು ಹೇಳಿದೆ. ಅವರು ಫಲಕವನ್ನೂ ನನ್ನನ್ನೂ ನೋಡಿ, "ಹಾಗಾದರೆ ಟ್ರಾಮಿನವರು ಕೇಳಿದ್ದು ನಿಮಗೆ ಅರ್ಥವಾಯಿತು" ಎಂದರು.

ಮೊದಲ ಮಹಾಯುದ್ಧದಲ್ಲಿ ಮಡಿದ ಐರಿಷ್ ಸೈನಿಕರ ನೆನಪಿನ ಐಲೆಂಡ್‌ಬ್ರಿಜ್‌ನ ಯುದ್ಧಸ್ಮಾರಕ ಉದ್ಯಾನವನ್ನು ರೂಪಿಸಿದವರು ದಿಲ್ಲಿಯ ಇಂಡಿಯಾ ಗೇಟ್ ಕಟ್ಟಿಸಿದ ಎಡ್ವಿನ್ ಲಟ್ಯನ್ಸ್. 1930ರ ದಶಕದಲ್ಲಿ ಅದನ್ನು ಕಟ್ಟುವಾಗ ಕೂಲಿಯಾಳುಗಳಲ್ಲಿ ಅರ್ಧದಷ್ಟು ಜನ ಬ್ರಿಟಿಷ್ ಸೈನ್ಯದಲ್ಲಿದ್ದವರು, ಇನ್ನರ್ಧ ಸ್ವತಂತ್ರ ಐರ್ಲೆಂಡಿನ ಸೈನ್ಯದಲ್ಲಿದ್ದವರು. ಆ ಕಲ್ಲುಗಳನ್ನು ಜೊತೆಯಾಗಿ ಹೊತ್ತವರ ನಡುವೆ ಯಾವ ಮಾತು ನಡೆಯುತ್ತಿತ್ತೋ ಎಂಬ ಕುತೂಹಲ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆಮೇಲೆ ಉದ್ಯಾನ ಪಾಳುಬಿತ್ತು, 1950ರ ದಶಕದಲ್ಲಿ ಬಾಂಬಿನ ದಾಳಿಗೂ ಗುರಿಯಾಯಿತು. ದುರಸ್ತಿಯಾಗಿ ವಿಧಿವತ್ತಾಗಿ ಸಮರ್ಪಣೆಗೊಂಡದ್ದು 1988ರಲ್ಲಿ. 2011ರ ಮೇ ತಿಂಗಳಲ್ಲಿ ರಾಣಿ ಎಲಿಜಬೆತ್ ಮೊದಲ ದಿನ ಐರಿಷ್ ಸ್ವಾತಂತ್ರ್ಯಕ್ಕಾಗಿ ಮಡಿದವರ ಉದ್ಯಾನದಲ್ಲಿ ತಲೆಬಾಗಿ, ಮರುದಿನ ಇಲ್ಲಿಗೆ ಬಂದು ಹೂಮಾಲೆ ಇಟ್ಟಿದ್ದರು. ಅಂದು ಟಿವಿಯ ಮುಂದೆ ಕುಳಿತು ತಾವು ಅತ್ತದ್ದು ಮೊದಲ ದಿನವೆಂದು, ಎರಡನೆಯ ದಿನ ಕಣ್ಣೀರು ಬರಲಿಲ್ಲವೆಂದು ಅಜ್ಜಿ ಹೇಳಿದರು. ಉದ್ಯಾನದ ಪಕ್ಕದ ಹೆದ್ದಾರಿಗೆ ಬಂಡಾಯದಲ್ಲಿ ಗುಂಡಿಗೆ ಬಲಿಯಾದ ಕಾನ್ ಕೋಲ್ಬರ್ಟ್ ಹೆಸರಿದೆ; ಅಲ್ಲಿಯ ವಾಹನಗಳ ಸದ್ದು ಗುಲಾಬಿ ತೋಟದವರೆಗೂ ಕೇಳುತ್ತಿತ್ತು.

ನಡುವಿನ ದೊಡ್ಡ ಕಲ್ಲಿನ ಬಳಿ ಅಜ್ಜಿ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದರು. ಒಳಗೆ ಬೆಳ್ಳಿಯ ಪದಕವಿತ್ತು. ಅದರ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಡೆಯ ಹೆಸರಿನ ಸಂಕ್ಷೇಪ ಇವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿದ್ದರು. ಅವರ ಕಣ್ಣಿಗೆ ಕಾಣದಿದ್ದುದರಿಂದ ನಾನು ತಿರುಗಿಸುತ್ತ ಓದಿ ಹೇಳಿದೆ. ನನ್ನ ಹೂವನ್ನು ಕೇಳಿ ಪಡೆದು ಕಲ್ಲಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಪದಕವನ್ನಿಟ್ಟರು. ಮೊಮ್ಮಕ್ಕಳಿಗೆ ಕಳಿಸಬೇಕು, ಒಂದು ಚಿತ್ರ ತೆಗೆಯಿರಿ ಎಂದರು. ನಾನು ಫೋನ್ ಹಿಡಿದಾಗ, "ಒಂದು ನಿಮಿಷ" ಎಂದು ಬಗ್ಗಿ, ಪದಕದ ಮೇಲಿದ್ದ ಐದನೆಯ ಜಾರ್ಜ್ ದೊರೆಯ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ, ತಾತನ ಹೆಸರಿದ್ದ ಅಂಚನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು.