ಮಂಜಿನ ನಾಯ್ಸ್‌ಗೆ ಸ್ಯಾಂಪಲ್ಸ್ ಏರಿಸೂದೊಂದ ಮದ್ದಲ್ಲ

ಆನಿಮೇಷನ್ ಕಲಿಯಾಕತ್ತ ಗದಗಿನ ಹುಡುಗ ಒಬ್ಬ ನನಗ ಒಂದು ಕ್ಲಿಪ್ ಕಳಿಸಿದ್ದ. ಲಕ್ಕುಂಡಿ ಬ್ರಹ್ಮ ಜಿನಾಲಯ, ಅದ ಅತ್ತಿಮಬ್ಬೆ 1007ರಾಗ ಕಟ್ಟಿಸಿದ್ದು, ಅದರ ಮಂಟಪದೊಳಗ ಕ್ಯಾಮೆರಾ ಸಾವಕಾಶ ಹೋಗತೈತಿ, ಹೊರಗಿಂದ ಮುಂಜಾನಿ ಬಿಸಿಲಕೋಲು ಬೀಳ್ತೈತಿ, ಒಳಗೆಲ್ಲಾ ತೆಳ್ಳಗ ಮಂಜು. ಐಡಿಯಾ ಭಾಳ ಚಲೋ, ಆದ್ರ ಮಂಜು ಇದ್ದಲ್ಲೆಲ್ಲಾ ರವಾ ಚೆಲ್ಲಿದಂಗ ನಾಯ್ಸ್ ಕಾಣತಿತ್ತು, ಪ್ಲೇ ಮಾಡಿದ್ರ ಎಲ್ಲಾ ಕುದಿಯಾಕತ್ತಿತ್ತು. "ಅಣ್ಣಾ, ಸ್ಯಾಂಪಲ್ಸ್ 4096 ಇಟ್ಟೀನಿ, ಇನ್ನೆಷ್ಟ್ ಇಡ್ಲಿ?" ಅಂದ. ಸ್ಯಾಂಪಲ್ಸ್ ಅಂದ್ರ ಒಂದೊಂದು ಪಿಕ್ಸೆಲ್‌ನ ಬೆಳಕು ಲೆಕ್ಕ ಹಾಕಾಕ ಕಂಪ್ಯೂಟರ್ ಎಷ್ಟು ಸಲ ರೇ (ಕಿರಣ) ಬಿಡತೈತಿ ಅನ್ನೋ ಎಣಿಕಿ. ಏರಿಸಬ್ಯಾಡೋ ತಮ್ಮಾ, ಮೊದ್ಲ ಲೈಟ್ ನೋಡು ಅಂದೆ. ಅವಗ ಫೋನ್‌ನ್ಯಾಗ ಹೇಳಿದ್ದು ಅರ್ಧಾಮರ್ಧ ಆತು, ಅದಕ್ಕ ಇಲ್ಲಿ ಬರ್ಯಾಕತ್ತೀನಿ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್ ರೆಂಡರರ್ (ಸೀನ್‌ನ್ಯಾಗಿಂದ ಚಿತ್ರ ತೆಗಿಯೋ ಭಾಗ) ಹಿಡಕೊಂಡ ಹೇಳ್ತೀನಿ, ಆದ್ರ ಹಿಂಗ ಬೆಳಕಿನ ದಾರಿ ಹಿಂಬಾಲಿಸೋ ಬ್ಯಾರೆ ಪಾತ್ ಟ್ರೇಸರ್‌ನ್ಯಾಗೂ ಲೆಕ್ಕ ಹೆಚ್ಚೂಕಮ್ಮಿ ಇದ.

ಗ್ವಾಡಿ ಮ್ಯಾಲೆ ಬೆಳಕು ಲೆಕ್ಕ ಹಾಕೂದು ಸಲೀಸು, ರೇ ಹೋಗಿ ಒಂದು ಜಾಗಾಕ್ಕ ತಾಗತೈತಿ, ಅಲ್ಲಿ ಲೈಟ್ ಬಿದ್ದೈತೋ ಇಲ್ಲೋ ನೋಡಿದ್ರ ಮುಗೀತು. ಮಂಜಿನ್ಯಾಗ ತಾಗೂದು ಎಲ್ಲಿ? ಕ್ಯಾಮೆರಾದಿಂದ ಗ್ವಾಡಿ ಮಟ ಇರೋ ದಾರಿ ತುಂಬ ಎಲ್ಲಿ ಬೇಕಾದ್ರೂ ಬೆಳಕು ಚೆದರಬಹುದು, ಅದಕ್ಕ ರೆಂಡರರ್ ಸುಮ್ನ ಒಂದು ಜಾಗಾ ಆರಿಸಿ ಅಲ್ಲಿ ಲೈಟ್ ಕಾಣತೈತೇನು ಅಂತ ಕೇಳತೈತಿ. ಒಂದು ಪಿಕ್ಸೆಲ್‌ಗೆ ಬಿಸಿಲಕೋಲಿನೊಳಗಿನ ಜಾಗಾ ಸಿಗತೈತಿ, ಬಾಜೂ ಪಿಕ್ಸೆಲ್‌ಗೆ ನೆರಳಿನ್ಯಾಗಿಂದು ಸಿಗತೈತಿ, ಒಂದು ಬೆಳ್ಳಗ ಒಂದು ಕರ್ರಗ, ನಾಯ್ಸ್ ಅಂದ್ರ ಇಷ್ಟ. ಸ್ಯಾಂಪಲ್ಸ್ ಏರಿಸಿದ್ರ ಕಡಿಮಿ ಆಗೂದು ಖರೆ, ಆದ್ರ ವರ್ಗಮೂಲದ ಲೆಕ್ಕದಾಗ ಕಡಿಮಿ ಆಗತೈತಿ. ನಾಯ್ಸ್ ಅರ್ಧ ಆಗಬೇಕಂದ್ರ ಸ್ಯಾಂಪಲ್ಸ್ 4 ಪಟ್ಟು, ಕಾಲು ಭಾಗ ಆಗಬೇಕಂದ್ರ 16 ಪಟ್ಟು. 4096ರ ಮ್ಯಾಲೆ 16 ಪಟ್ಟು ಅಂದ್ರ ಒಂದ ಫ್ರೇಮ್ ಮುಗಿಯೂದ್ರೊಳಗ ಹುಬ್ಬಳ್ಳಿಗೆ ಹೋಗಿ ಸಂತಿ ಮಾಡ್ಕೊಂಡು ಬರಬಹುದು, 24 ಫ್ರೇಮ್ ಆದ್ರ ಒಂದು ಸೆಕೆಂಡ್.

ನನ್ನ ಪ್ರಕಾರ ಹೆಚ್ಚಿನ ಸೀನ್‌ನ್ಯಾಗ ತಪ್ಪು ಇರೂದು ಮಂಜಿನ್ಯಾಗಲ್ಲ, ಮಂಜಿಗೆ ಬೆಳಕು ಕೊಡೂದ್ರಾಗ. ಆ ಹುಡುಗನ ಸೀನ್‌ನ್ಯಾಗ ಸನ್ ಲೈಟ್ ಇತ್ತು, ಆಕಾಶಕ್ಕ ಎಚ್‌ಡಿಆರ್‌ಐ (ಸುತ್ತ ಬೆಳಕು ಕೊಡೋ ಆಕಾಶದ ಫೋಟೋ) ಇತ್ತು, ಒಳಗ ಎರಡು ದೀಪ ಇದ್ದುವು, ಎಲ್ಲಾವೂ ಮಂಜಿಗೆ ಬೆಳಕು ಕೊಡತಿದ್ದುವು. ಎಚ್‌ಡಿಆರ್‌ಐ ಅಂತೂ ಬಾಗಲ ಸಂದಿಯಿಂದ ಮಾತ್ರ ಒಳಗ ಬರಬೇಕು, ನೂರು ರೇ ಕಳಿಸಿದ್ರ ಹೊರಗ ಮುಟ್ಟೂವು ನಾಕೋ ಐದೋ ಇರಬಹುದು, ನಾಯ್ಸ್ ಬರದ ಇನ್ನೇನ್ ಬರತೈತಿ. ವರ್ಲ್ಡ್ ಸೆಟ್ಟಿಂಗ್ಸ್‌ನ್ಯಾಗ ರೇ ವಿಸಿಬಿಲಿಟಿ ಅಂತ ಐತಿ ನೋಡ್ರಿ, ಅದರಾಗ ವಾಲ್ಯೂಮ್ ಸ್ಕ್ಯಾಟರ್ ಅನ್ನೂದ್ರ ಟಿಕ್ ತೆಗದ್ರ ಆಕಾಶದ ಬೆಳಕು ಕಲ್ಲಿಗೆ ಬೀಳತೈತಿ, ಮಂಜಿಗೆ ಬೀಳೂದಿಲ್ಲ. ದೀಪಗಳಿಗೂ ಅದ ಆಪ್ಷನ್ ಐತಿ. ಕಡೀಕ ಮಂಜಿಗೆ ಒಂದ ಲೈಟ್ ಉಳಿಸ್ರಿ. ಇದು ಸುಳ್ಳ ಬೆಳಕು ಅಂತ ಯಾರರೆ ಅಂದ್ರ ಅನ್ಲಿ, ಸಿನಿಮಾದ ಬೆಳಕು ಯಾವಾಗ ಖರೆ ಇತ್ತು.

ಆ ಒಂದು ಲೈಟ್ ಸನ್ ಇರೂದ್ಕಿಂತ ಸ್ಪಾಟ್, ಅಂದ್ರ ಟಾರ್ಚಿನಂಗ ಒಂದು ಜಾಗಾದಿಂದ ಬೀಳೋ ಲೈಟ್, ಇದ್ರ ಚಲೋ. ಕಾರಣ ಐತಿ. ಸೈಕಲ್ಸ್‌ನ್ಯಾಗ ಮಂಜಿನ ಒಳಗಿನ ಜಾಗಾ ಆರಿಸಾಕ ಎರಡು ಪದ್ಧತಿ ಅದಾವು, ಒಂದು ಡಿಸ್ಟನ್ಸ್, ಅದು ಮಂಜಿನ ದಟ್ಟತನ ನೋಡಿ ಆರಿಸತೈತಿ, ಇನ್ನೊಂದು ಇಕ್ವಿಆಂಗ್ಯುಲರ್, ಅದು ಲೈಟ್ ಎಲ್ಲೈತಿ ನೋಡಿ ಅದರ ಹತ್ರ ಹೆಚ್ಚು ಜಾಗಾ ಆರಿಸತೈತಿ, ಕುಲ್ಲಾ ಮತ್ತ ಫಜಾರ್ಡೊ ಅನ್ನೋರು 2012ರಾಗ ಬರದದ್ದು. ತೆಳ್ಳನ ಮಂಜಿನ್ಯಾಗ ಲೈಟ್ ಇದ್ರ ಎರಡನೇದು ಭಾರಿ ಕೆಲಸ ಮಾಡತೈತಿ, ಆದ್ರ ಸೂರ್ಯಾಗ ಜಾಗಾನ ಇಲ್ಲಲ್ಲ, ಬರೇ ದಿಕ್ಕು, ಅದಕ್ಕ ಅಲ್ಲಿ ಅದರ ಆಟ ನಡ್ಯೂದಿಲ್ಲ. ಬಾಗಲ ಹೊರಗ ಒಂದು ಸ್ಪಾಟ್ ಇಡ್ರಿ, ಭಾಳ ಹತ್ರ ಇಟ್ರ ಕಿರಣ ಹರಡಿ ಇದು ಬಿಸಿಲಲ್ಲ ಅಂತ ಗೊತ್ತಾಗತೈತಿ, ಭಾಳ ದೂರ ಇಟ್ರ ಮತ್ತ ಸೂರ್ಯಾನ ಕತಿನ. ನಡು ಎಲ್ಲೋ ಕಣ್ಣಳತಿಲೆ ನೋಡ್ಕೊಬೇಕು.

ದಟ್ಟತನದ ಬಗ್ಗೆನೂ ಒಂದ್ಮಾತು. ಪ್ರಿನ್ಸಿಪಲ್ಡ್ ವಾಲ್ಯೂಮ್ (ಮಂಜು, ಹೊಗಿ ಮಾಡೋ ಶೇಡರ್) ಹಾಕಿದ ಕೂಡ್ಲೆ ಡೆನ್ಸಿಟಿ 1 ಇರತೈತಿ, ಅಂದ್ರ ಒಂದ ಮೀಟರ್‌ನ್ಯಾಗ ಬೆಳಕು 37 ಪರ್ಸೆಂಟ್‌ಗೆ ಬಂತು, ಅದು ಮಂಜಲ್ಲ, ಭಟ್ಟಿ ಹೊಗಿ. 0.02 ಇಟ್ರ 10 ಮೀಟರ್ ಆದ ಮ್ಯಾಲೂ 82 ಪರ್ಸೆಂಟ್ ಉಳೀತೈತಿ, ಮಂಟಪಕ್ಕ ಅಷ್ಟ ಸಾಕು, ಬೆಳಕು ಸಾಲದಿದ್ರ ಲೈಟ್ ಪವರ್ ಏರಿಸ್ರಿ. ಮಂಜನ್ನ ವರ್ಲ್ಡ್‌ಗೆ ಹಾಕಬ್ಯಾಡ್ರಿ, ಮಂಟಪದಷ್ಟ ದೊಡ್ಡ ಒಂದು ಕ್ಯೂಬ್‌ಗೆ ಹಾಕ್ರಿ. ವಾಲ್ಯೂಮ್ ಬೌನ್ಸ್ (ಮಂಜಿನೊಳಗ ಬೆಳಕು ಮತ್ತ ಮತ್ತ ಚೆದರೂದು) 0 ಇದ್ದದ್ದು ಹಂಗ ಇರ್ಲಿ, ಮೋಡ ಮಾಡುವಾಗ ಬೇಕಾಗತೈತಿ, ತೆಳ್ಳನ ಮಂಜಿಗೆ ಬ್ಯಾಡ.

ಇಷ್ಟಾದ ಮ್ಯಾಲೂ ಸ್ವಲ್ಪ ನಾಯ್ಸ್ ಉಳೀತೈತಿ, ಆವಾಗ ಎಲ್ಲಾರೂ ಡಿನಾಯ್ಸರ್, ಅಂದ್ರ ನಾಯ್ಸ್ ಒರಸೋ ಸಾಧನ, ಒತ್ತತಾರ. ಓಪನ್ ಇಮೇಜ್ ಡಿನಾಯ್ಸ್ ಚಲೋ ಐತಿ, ಆದ್ರ ಅದಕ್ಕ ದಾರಿ ತೋರಿಸೂದು ಆಲ್ಬಿಡೋ (ಮೈ ಬಣ್ಣ) ಮತ್ತ ನಾರ್ಮಲ್ (ಮೈ ಯಾವ ಕಡೆ ಮುಖ ಮಾಡೈತಿ) ಪಾಸ್, ಅವು ಕಲ್ಲಿನ ಬಗ್ಗೆ ಹೇಳತಾವು, ಮಂಜಿಗೆ ಮೈನ ಇಲ್ಲ ನಾರ್ಮಲ್ ಎಲ್ಲಿಂದ ಬರಬೇಕು. ಎಲ್ಲಾ ಕೂಡಿಸಿ ಡಿನಾಯ್ಸ್ ಮಾಡಿದ್ರ ಒಂದೋ ಮಂಜಿನ್ಯಾಗ ಕಲೆ ಕಲೆ ಉಳೀತಾವು, ಇಲ್ಲಾ ಲಕ್ಕುಂಡಿ ಕಂಬದ ಆ ಸಣ್ಣ ಕೆತ್ತನಿ ಎಲ್ಲಾ ಮೇಣ ಹಚ್ಚಿ ಒರಸಿದಾಂಗ ಹೋಗತೈತಿ. ಮ್ಯಾಲೆ ಡಿನಾಯ್ಸರ್ ಒಂದೊಂದ ಫ್ರೇಮ್ ಬ್ಯಾರೆ ಬ್ಯಾರೆ ನೋಡತೈತಿ, ಈ ಫ್ರೇಮ್‌ನ್ಯಾಗ ಕಲೆ ಇಲ್ಲಿ, ಮುಂದಿನ ಫ್ರೇಮ್‌ನ್ಯಾಗ ಅಲ್ಲಿ. ಸ್ಟಿಲ್‌ನ್ಯಾಗ ಏನೂ ಕಾಣೂದಿಲ್ಲ, ಪ್ಲೇ ಮಾಡಿದ್ರ ಕುದೀತೈತಿ. ಸೀಡ್ (ಆ ಸುಮ್ನ ಆರಿಸೂದನ್ನ ನಡಸೋ ನಂಬರ್) ಬದಲಾಗದಂಗ ಇಟ್ರ ಕುದಿಯೂದು ನಿಲ್ಲತೈತಿ ಅಂತ ಕೆಲವರು ಹೇಳತಾರ, ಕ್ಯಾಮೆರಾ ಹೊಳ್ಳಿದ ಕೂಡ್ಲೆ ಲೆನ್ಸ್ ಮ್ಯಾಲೆ ಧೂಳ ಕುಂತಂಗ ಕಾಣತೈತಿ, ಅದು ಇನ್ನೂ ಕೆಟ್ಟ.

ನಾನು ಮಾಡೂದು ಏನಂದ್ರ ಮಂಜು ಬ್ಯಾರೆ, ಗುಡಿ ಬ್ಯಾರೆ. ಗುಡಿ ಮಂಜಿಲ್ಲದ ಪೂರ್ತಿ 1920×1080ರಾಗ ಕಡಿಮಿ ಸ್ಯಾಂಪಲ್ಸ್‌ನ್ಯಾಗ ರೆಂಡರ್ ಆಗತೈತಿ. ಇನ್ನೊಂದು ಸೀನ್ ಲಿಂಕ್ ಮಾಡಿ ಅದರಾಗ ಗುಡಿ ಎಲ್ಲಾ ಹೋಲ್ಡ್‌ಔಟ್ ಮಾಡಿ (ಗುಡಿ ಇದ್ದಲ್ಲಿ ಖಾಲಿ ಬಿಡೂದು), ಫಿಲ್ಮ್ ಟ್ರಾನ್ಸ್‌ಪರೆಂಟ್ (ಹಿನ್ನೆಲೆ ಪಾರದರ್ಶಕ) ಇಟ್ಟು, ಬರೇ ಮಂಜನ್ನ 960×540ರಾಗ ರೆಂಡರ್ ಮಾಡ್ತೀನಿ. ಪಿಕ್ಸೆಲ್ ಕಾಲು ಭಾಗ, ಅದ ಟೈಮ್‌ನ್ಯಾಗ 4 ಪಟ್ಟು ಸ್ಯಾಂಪಲ್ಸ್. ಮಂಜಿನ್ಯಾಗ ಚೂಪನ ವಿವರ ಇರೂದ ಇಲ್ಲ, ದೊಡ್ಡದು ಮಾಡಿದ್ರೂ ಗೊತ್ತಾಗೂದಿಲ್ಲ, ಡಿನಾಯ್ಸ್ ನೋಡ್‌ಗೆ ಬರೇ ಇಮೇಜ್ ಕೊಡ್ರಿ, ನಾರ್ಮಲ್ ಗೀರ್ಮಲ್ ಬ್ಯಾಡ, ಆಮ್ಯಾಲೆ ಆಲ್ಫಾ ಓವರ್, ಅಂದ್ರ ಮಂಜನ್ನ ಗುಡಿ ಚಿತ್ರದ ಮ್ಯಾಲೆ ಕೂಡಿಸೂದು. ಕಂಬದ ಹಿಂದ ಜೋರ್ ಬಿಸಿಲಕೋಲು ಇದ್ರ ಅಂಚಿನ್ಯಾಗ ಸಣ್ಣ ಬಿಳಿ ಗೆರಿ ಬರತೈತಿ, ಅಂಥಾ ಶಾಟ್‌ಗೆ ಮಾತ್ರ ಪೂರ್ತಿ ಸೈಜ್ ಮಾಡ್ರಿ. ಕ್ಯಾಮೆರಾ ನಿಂತೈತಿ, ಮಂಜೂ ನಿಂತೈತಿ, ನಡುವ ಯಾರೂ ಓಡಾಡೂದಿಲ್ಲ ಅಂದ್ರ ಇನ್ನೂ ಮಜಾ, ಮಂಜಿಂದು ಒಂದ ಫ್ರೇಮ್ ಸ್ಯಾಂಪಲ್ಸ್ ಸುರದು ರೆಂಡರ್ ಮಾಡಿ ಶಾಟ್ ತುಂಬ ಅದನ್ನ ಹಚ್ಚಿ ಬಿಡ್ರಿ, ಕುದಿಯೂದ ಪ್ರಶ್ನಿನ ಇಲ್ಲ.

ಧಾರವಾಡ ಸಾಧನಕೇರಿ ದಂಡಿಮ್ಯಾಲೆ ಮಳಿಗಾಲದಾಗ ಗಿಡಾ ಎಲ್ಲಾ ದೂರ ದೂರ ಮಸುಕಾಗಿ ಕಾಣತಾವಲ್ಲ, ಅಂಥಾ ಶಾಟ್‌ಗೆ ವಾಲ್ಯೂಮ್ ಬೇಕ ಇಲ್ಲ. ಬಿಸಿಲಕೋಲು ಇಲ್ಲಂದ ಮ್ಯಾಲೆ ಮಿಸ್ಟ್ ಪಾಸ್ (ಯಾವುದು ಎಷ್ಟು ದೂರ ಐತಿ ಅಂತ ತೋರಿಸೋ ಚಿತ್ರ) ತಗೊಂಡು ಕಾಂಪೋಸಿಟರ್‌ನ್ಯಾಗ (ಚಿತ್ರ ಕೂಡಿಸೋ ಜಾಗಾ) ಬೂದಿ ಬಣ್ಣ ಬೆರಸ್ರಿ, ನಾಯ್ಸ್ ಸೊನ್ನಿ.

ಸೇವ್ ಮಾಡುವಾಗ ಇಎಕ್ಸ್‌ಆರ್ ಅನ್ನೋ ಇಮೇಜ್ ಫೈಲ್ 16 ಬಿಟ್‌ನ್ಯಾಗ ಫ್ರೇಮ್ ಫ್ರೇಮ್ ಮಾಡ್ರಿ, ಸೀದಾ ವಿಡಿಯೋ ಮಾಡಬ್ಯಾಡ್ರಿ, ರಾತ್ರಿ ಕರೆಂಟ್ ಹೋದ್ರ ಇದ್ದಷ್ಟರೆ ಉಳೀತಾವು, ಓವರ್‌ರೈಟ್ ಟಿಕ್ ತೆಗದಿದ್ರ ಮುಂಜಾನೆ ಅಲ್ಲಿಂದ ಮುಂದ ಸುರು. ಸ್ವಚ್ಛ ಆದ ಮಂಜು 8 ಬಿಟ್ ವಿಡಿಯೋ ಆದ ಕೂಡ್ಲೆ ಪಟ್ಟಿ ಪಟ್ಟಿ ಒಡೀತೈತಿ, ಅದಕ್ಕ ಕಡೀಕ ಎಡಿಟಿಂಗ್‌ನ್ಯಾಗ ಒಂಚೂರು ಗ್ರೇನ್ (ಫಿಲ್ಮಿನಂಥಾ ಸಣ್ಣ ಕಾಳು) ಹಾಕ್ರಿ. ಇಷ್ಟೆಲ್ಲಾ ತೆಗದು ಮತ್ತ ಹಾಕೂದೇನಣ್ಣಾ ಅಂತ ಆ ಹುಡುಗ ನಕ್ಕ, ಹೌದೋ ತಮ್ಮಾ, ಆದ್ರ ಈ ಗ್ರೇನ್ ನಾವು ಹೇಳಿದಷ್ಟ ಇರತೈತಿ.