ತೂಕ ಕೇಳಿದೆ, ಹಸಿವು ಕೇಳಲಿಲ್ಲ

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಹನ್ನೊಂದು ವರ್ಷ ಆಯಿತು. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಫೈಲಿನಲ್ಲಿದೆ. ಅದರಲ್ಲಿ ಮೂರು ತೂಕ ಬರೆದಿತ್ತು: 78, 66.5, 74.

78 ಕೆ.ಜಿ. ಇದ್ದಾಗ ಆ ಅಕ್ಕ ಮೊದಲ ಸಲ ಬಂದಿದ್ದರು. ಶುಗರ್ ಗಡಿಯಲ್ಲಿತ್ತು, ಜೊತೆಗೆ ಮಂಡಿನೋವು. ನಾನು ದಿನಕ್ಕೆ 1,100 ಕ್ಯಾಲರಿಯ ಚಾರ್ಟ್ ಬರೆದುಕೊಟ್ಟೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ, ರಾತ್ರಿ ಮತ್ತೆ ಒಂದೇ ರೊಟ್ಟಿ. ಅವರು ಒಂದು ದಿನವೂ ತಪ್ಪಲಿಲ್ಲ. ಎಂಟು ತಿಂಗಳಲ್ಲಿ 66.5ಕ್ಕೆ ಬಂದರು. ನನಗೆ ತುಂಬಾ ಖುಷಿಯಾಯಿತು. ಇನ್ನು ಮೂರು ತಿಂಗಳು ಬಿಟ್ಟು ಬನ್ನಿ ಸಾಕು ಅಂದೆ.

ಅವರು ಬಂದಿದ್ದು ಒಂದು ವರ್ಷದ ಮೇಲೆ. ಮುಳ್ಳು 74ಕ್ಕೆ ನಿಂತಿತು. "ನಿಜ ಹೇಳಿ, ಏನೇನು ತಿಂತಿದ್ದೀರಿ?" ಅಂತ ಕೇಳಿದೆ. ಕೇಳಿದ ದನಿ ಸರಿ ಇರಲಿಲ್ಲ, ಅದು ನನಗೇ ಗೊತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಊಟ ಆದ ಮೇಲೂ ಮನಸ್ಸು ಅಡುಗೆಮನೆಯಲ್ಲೇ ಇರುತ್ತೆ ಮೇಡಂ. ರಾತ್ರಿ ಮಲಗಿ ನಾಳೆ ಏನು ತಿಂಡಿ ಅಂತ ಯೋಚಿಸ್ತೀನಿ. ನಾನು ಮುಂಚೆ ಹಿಂಗಿರಲಿಲ್ಲ." ನಾನು ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದೆ. ಅವರು ಫೈಲ್ ಎತ್ತಿಕೊಂಡು ಹೋದರು.

ಆ ಮಾತು ನಾನು ಮೊದಲೇ ಓದಿದ್ದೆ. ಅದು ಹೊಳೆದಿದ್ದು ಅವರು ಹೋದ ರಾತ್ರಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಮಾಡಿದ ಪ್ರಯೋಗ ನಮಗೆಲ್ಲ ಪಾಠವಾಗಿತ್ತು. ಯುದ್ಧ ಮಾಡಲ್ಲ ಅಂದ 36 ಯುವಕರು ತಾವಾಗಿಯೇ ಒಪ್ಪಿ ಬಂದಿದ್ದರು. 24 ವಾರ ಅವರಿಗೆ ಅರೆಹೊಟ್ಟೆ ಊಟ. ಆಲೂಗಡ್ಡೆ, ಬ್ರೆಡ್ಡು, ಮ್ಯಾಕರೋನಿ, ದಿನಕ್ಕೆ ಸುಮಾರು 1,570 ಕ್ಯಾಲರಿ. ತೂಕದಲ್ಲಿ ಕಾಲು ಭಾಗ ಇಳಿಯಿತು. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಅವರ ತಲೆಯಲ್ಲಿ ಆದದ್ದು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು. ಊಟ ಬಿಟ್ಟು ಬೇರೆ ಯಾವುದರಲ್ಲೂ ಆಸಕ್ತಿ ಉಳಿದಿರಲಿಲ್ಲ. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಿ ಅಂದ ಮೇಲೂ, ಹೊಟ್ಟೆ ಬಿರಿಯುವಷ್ಟು ತಿಂದು ಇನ್ನೂ ಹಸಿವು ಅನ್ನುತ್ತಿದ್ದರು.

ಅವರು ಗಂಡಸರು, ವಾರಕ್ಕೆ 35 ಕಿಲೋಮೀಟರ್ ನಡೆಯಬೇಕಿತ್ತು. ನೇರವಾಗಿ ಹೋಲಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಉಪವಾಸದ ಪ್ರಯೋಗ ಅಂತ ಹೆಸರಾದ ಊಟ 1,570. ನನ್ನ ಚಾರ್ಟು 1,100.

ಇನ್ನೊಂದು ಅಧ್ಯಯನ ನನ್ನ ಅನುಮಾನವನ್ನೇ ಅಳಿಸಿಹಾಕಿತು. ಕ್ಯಾನಾಗ್ಲಿಫ್ಲೋಜಿನ್ ಅಂತ ಶುಗರ್ ಮಾತ್ರೆ ಇದೆ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅಂದರೆ ತಿಂದವರಿಗೆ ಗೊತ್ತೇ ಆಗದ ಹಾಗೆ ದಿನಾ ಸುಮಾರು 360 ಕ್ಯಾಲರಿ ಹೋಗುತ್ತದೆ. ಈ ಮಾತ್ರೆ ಒಂದು ವರ್ಷ ತೆಗೆದುಕೊಂಡವರ ತೂಕವನ್ನಿಟ್ಟುಕೊಂಡು ಕೆವಿನ್ ಹಾಲ್ ಅನ್ನುವ ಸಂಶೋಧಕ ಮತ್ತು ಜೊತೆಯವರು 2016ರಲ್ಲಿ ಲೆಕ್ಕ ಹಾಕಿದರು. ಇಳಿದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಹಸಿವು ಏರುತ್ತದೆ. ದೇಹದ ಖರ್ಚು ಕಮ್ಮಿಯಾಗುವುದು 20ರಿಂದ 30 ಕ್ಯಾಲರಿ ಮಾತ್ರ. ಡಯಟ್ ಮಾಡುತ್ತಿದ್ದೇನೆ ಅನ್ನುವ ಯೋಚನೆಯೇ ಅವರಿಗಿರಲಿಲ್ಲ, ಆದರೂ ಹಸಿವು ಏರಿತು. ಹಾಗಾದರೆ ಇದರಲ್ಲಿ ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತು ಎಲ್ಲಿಂದ ಬಂತು?

ಪೆನ್ನು ತಗೊಂಡು ಅಕ್ಕನ ಲೆಕ್ಕ ಹಾಕಿದೆ. ಇಳಿದದ್ದು 11.5 ಕೆ.ಜಿ. ಇದು ಸರಾಸರಿ ಲೆಕ್ಕ, ಎಲ್ಲರಿಗೂ ಒಂದೇ ಅಲ್ಲ. ಆದರೂ ಅವರ ದೇಹ ದಿನಾ ಹೆಚ್ಚಿಗೆ ಕೇಳುತ್ತಿದ್ದದ್ದು ಸುಮಾರು 1,150 ಕ್ಯಾಲರಿ. ನಾನು ಕೊಟ್ಟ ಇಡೀ ದಿನದ ಚಾರ್ಟಿನಷ್ಟು. ಅಷ್ಟನ್ನು ತಡೆದುಕೊಂಡು ಅವರು ಮನೆಗೆಲಸ, ಹೊರಗಿನ ಕೆಲಸ ಎಲ್ಲ ಮಾಡುತ್ತಿದ್ದರು, ಮತ್ತು ನಾನು ಅವರನ್ನು ಸುಳ್ಳು ಹೇಳುವವರ ಹಾಗೆ ನೋಡಿದ್ದೆ.

ಕೊಬ್ಬು ಕರಗಿದಾಗ, ಹಸಿವನ್ನು ತಡೆಯುವ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಹೊಟ್ಟೆಯಿಂದ ಬರುವ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಪ್ರಕಟವಾದ ಮೆಲ್ಬರ್ನ್ ಅಧ್ಯಯನದಲ್ಲಿ, ಹತ್ತು ವಾರದ ಡಯಟ್ ಮುಗಿದು ಒಂದು ವರ್ಷ ಕಳೆದರೂ ಈ ಏರುಪೇರು ಸರಿಹೋಗಿರಲಿಲ್ಲ. ನಾನು "ಮೂರು ತಿಂಗಳು ಬಿಟ್ಟು ಬನ್ನಿ" ಅಂದದ್ದು ಸರಿಯಾಗಿ ತೂಕ ಇಳಿದ ಮೇಲಿನ ಆ ಒಂದು ವರ್ಷದಲ್ಲೇ.

ಈಗ ನಾನು 1,100ರ ಚಾರ್ಟ್ ಬರೆಯುವುದಿಲ್ಲ. ಅಮೆರಿಕದಲ್ಲಿ CALERIE (ಕ್ಯಾಲರಿ) ಅನ್ನುವ ಹೆಸರಿನಲ್ಲಿ ನಡೆದ ಎರಡು ವರ್ಷದ ಪ್ರಯೋಗದಲ್ಲಿ, ಸ್ಥೂಲಕಾಯ ಇಲ್ಲದ, ಆಸಕ್ತಿಯಿಂದ ಬಂದ ಜನರಿಗೆ 25% ಕಮ್ಮಿ ತಿನ್ನುವ ಗುರಿ ಕೊಟ್ಟಿದ್ದರು. ಅಷ್ಟೊಂದು ನೆರವು ಕೊಟ್ಟರೂ ಅವರಿಗೆ ಆಗಿದ್ದು ಸುಮಾರು 12%. ಅದರಲ್ಲೇ ತೂಕ ಸುಮಾರು ಹತ್ತನೇ ಒಂದು ಭಾಗ ಇಳಿದು ಹಾಗೇ ನಿಂತಿತು. ಹಾಗಾಗಿ ನಾನೂ ಈಗ, ಬಂದವರು ತಿನ್ನುತ್ತಿರುವುದರಲ್ಲಿ ಸ್ವಲ್ಪವೇ ಕಡಿಮೆ ಮಾಡಿಸುತ್ತೇನೆ. ಕಾಳು, ಸೊಪ್ಪು, ಮೊಟ್ಟೆ, ಮೊಸರು ಜಾಸ್ತಿ ಮಾಡಿಸುತ್ತೇನೆ. ತೂಕ ಇಳಿದ ಮೇಲೆ ಒಂದು ವರ್ಷ ಪ್ರತಿ ತಿಂಗಳೂ ಬನ್ನಿ ಅನ್ನುತ್ತೇನೆ, ಆ ಬರುವಿಕೆಗೆ ಫೀಸು ಬೇಡ ಅಂತ ಆಸ್ಪತ್ರೆಯವರನ್ನು ಕೇಳಿ ಒಪ್ಪಿಸಿದ್ದೇನೆ. ಹಸಿವು ಏರುತ್ತದೆ, ಅದು ನಿಮ್ಮ ತಪ್ಪಲ್ಲ ಅಂತ ಮೊದಲ ದಿನವೇ ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಬೇರೆ ಏನು ಕಲಿಸದಿದ್ದರೂ ಇದನ್ನು ಕಲಿಸುತ್ತೇನೆ.

ಆ ಅಕ್ಕನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಎರಡು ವಾರ ಬಿಟ್ಟು ಬಂದರು. ಸಂಜೆ ನಾಲ್ಕಕ್ಕೆ ಆಫೀಸಿನ ಎದುರು ಮಂಡಕ್ಕಿ, ಮಿರ್ಚಿ ಶುರುವಾದಾಗ ತಡೆಯೋಕಾಗಲ್ಲ ಅಂದರು. ಆ ಹೊತ್ತಿಗೆ ಡಬ್ಬಿಯಲ್ಲಿ ಹೆಸರುಕಾಳಿನ ಉಸಲಿ ಇಟ್ಟುಕೊಳ್ಳುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು, ವಾರಕ್ಕೊಂದು ದಿನ ಮಿರ್ಚಿಯೂ ಇರಲಿ ಅಂದೆ. ಫೈಲಿನಲ್ಲಿ ತೂಕದ ಪಕ್ಕ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದು "ಹಸಿವು, ಹತ್ತಕ್ಕೆ ಎಷ್ಟು" ಅಂತ ಬರೆದೆ. ಮೊದಲ ಸಲ ಅವರು ಹೇಳಿದ್ದು ಒಂಬತ್ತು. ಹೋದ ತಿಂಗಳು ತೂಕ 71.2, ಹಸಿವು ಐದು.